ಜೋಡಿ ಎಕ್ಕ ಬಂದಾಗ ಎಲ್ಲರೂ ಎಲೆ ಬಿಡುತ್ತಾರೆ

ಇಸ್ಪೀಟು ಅಂಕಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಉತ್ತರ ಕನ್ನಡದ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಪೋಕರಿನ ಒಂದೇ ತೊಡಕನ್ನು ಕುರಿತವು. ಆರಂಭದಲ್ಲೇ ದೊಡ್ಡ ಎಲೆ ಕೈಗೆ ಬಂದಾಗ ಆಟದ ರೀತಿಯನ್ನು ಬದಲಿಸುತ್ತಿರಬೇಕೇ, ಬದಲಿಸುವುದಾದರೆ ಯಾವಾಗ, ಎಷ್ಟು ಎಂಬುದೇ ಆ ತೊಡಕು. ಆದ್ದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಗಳೆಲ್ಲ ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯ ಆಟಕ್ಕೆ ಸಂಬಂಧಿಸಿವೆ. ಅದರಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಮುಚ್ಚಿದ ಎರಡು ಎಲೆಗಳು ಸಿಗುತ್ತವೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳು ಬೀಳುತ್ತವೆ. ಮೊದಲು ಫ್ಲಾಪ್ ಎಂದು ಮೂರು, ಆಮೇಲೆ ಟರ್ನ್ ಎಂದು ಒಂದು, ಕೊನೆಗೆ ರಿವರ್ ಎಂದು ಇನ್ನೊಂದು. ಎದುರಿಗಿರುವ ಬೆಟ್ಟಿನಷ್ಟೇ ಹಾಕುವುದು ಕಾಲ್, ಅದನ್ನು ಏರಿಸುವುದು ರೇಸ್, ಆ ಕೈಯಿಂದ ಹಿಂದೆ ಸರಿಯುವುದು ಎಲೆ ಬಿಡುವುದು. ಲೆಕ್ಕಕ್ಕೆ ಅನುಕೂಲವಾಗಲೆಂದು ಎಲ್ಲ ಉತ್ತರಗಳಲ್ಲೂ ಸಣ್ಣ ಬ್ಲೈಂಡ್ 5, ದೊಡ್ಡ ಬ್ಲೈಂಡ್ 10 (ಎಲೆ ನೋಡುವ ಮೊದಲೇ ಇಬ್ಬರು ಹಾಕಬೇಕಾದ ಬಿಲ್ಲೆಗಳು), ಪ್ರತಿಯೊಬ್ಬರ ಮುಂದೆ 1000 ಬಿಲ್ಲೆ ಎಂದು ಇಟ್ಟುಕೊಂಡಿದ್ದೇವೆ. ಬಿಲ್ಲೆಗಳ ಹಿಂದೆ ಹಣವಿಲ್ಲ ಎಂಬ ತಿಳಿವಳಿಕೆಯ ಮೇಲೆಯೇ ಈ ಅಂಕಣ ನಡೆಯುತ್ತದೆ.

ಪ್ರಶ್ನೆ, ಶಿರಸಿಯಿಂದ: ನಾವು ಏಳು ಜನ ಸ್ನೇಹಿತರು ಭಾನುವಾರ ಸಂಜೆ ಸೇರಿ ಪೋಕರ್ ಆಡುತ್ತೇವೆ. ನನಗೆ ಜೋಡಿ ಎಕ್ಕವೋ ಜೋಡಿ ರಾಜವೋ ಬಂದು ರೇಸ್ ಮಾಡಿದರೆ ಒಬ್ಬರ ಹಿಂದೆ ಒಬ್ಬರು ಎಲೆ ಬಿಡುತ್ತಾರೆ. ಸಿಗುವುದು ಬ್ಲೈಂಡಿನ ಹದಿನೈದು ಬಿಲ್ಲೆ ಮಾತ್ರ. ಹಾಗಾಗಿ ಈಚೆಗೆ ರೇಸ್ ಮಾಡದೆ ಸುಮ್ಮನೆ ಕಾಲ್ ಮಾಡತೊಡಗಿದ್ದೇನೆ. ಆಟದ ಶೈಲಿ ಬದಲಿಸುವುದು ಎಂದರೆ ಇದೇ ಅಲ್ಲವೇ?

ಉತ್ತರ: ಅಲ್ಲ. ನೀವು ಬದಲಿಸಬೇಕಾದದ್ದು ಜೋಡಿ ಎಕ್ಕವನ್ನು ಆಡುವ ರೀತಿಯನ್ನಲ್ಲ, ಉಳಿದ ಎಲೆಗಳನ್ನು ಆಡುವ ರೀತಿಯನ್ನು.

ಎಲ್ಲರೂ ಎಲೆ ಬಿಡುವುದು ನಿಮ್ಮ ಎಕ್ಕಕ್ಕೆ ಹೆದರಿ ಅಲ್ಲ, ನಿಮ್ಮ ಅಭ್ಯಾಸವನ್ನು ಓದಿಕೊಂಡು. 52 ಎಲೆಗಳಿಂದ ಎರಡೆರಡನ್ನು ಆರಿಸುವ ಬಗೆಗಳು ಒಟ್ಟು 1326. ಅವುಗಳಲ್ಲಿ ಜೋಡಿ ಎಕ್ಕ ಆರು ಬಗೆಯಲ್ಲಿ ಬರುತ್ತದೆ, ಜೋಡಿ ರಾಜ ಆರು, ಜೋಡಿ ರಾಣಿ ಆರು, ಎಕ್ಕ-ರಾಜ ಹದಿನಾರು. ಇಷ್ಟೂ ಸೇರಿದರೆ 34; ಎಂದರೆ ಮೂವತ್ತೊಂಬತ್ತು ಕೈಗೆ ಒಂದು. ಮನೆಯ ಆಟದಲ್ಲಿ ಗಂಟೆಗೆ ಇಪ್ಪತ್ತೈದು ಕೈ ಹಂಚುತ್ತೀರಿ ಎಂದುಕೊಂಡರೂ ಇಂಥ ಎಲೆ ನಿಮಗೆ ಸಿಗುವುದು ಸುಮಾರು ಒಂದೂವರೆ ಗಂಟೆಗೊಮ್ಮೆ. ಒಂದೂವರೆ ಗಂಟೆ ಮೌನವಾಗಿದ್ದು ಒಮ್ಮೆ ಮಾತ್ರ ರೇಸ್ ಎನ್ನುವ ಮನುಷ್ಯನ ಎದುರು ಯಾರು ತಾನೆ ಕೂರುತ್ತಾರೆ? ಅಡಿಕೆ ಟೆಂಡರಿನ ದಿನ ಕೊಳ್ಳಬೇಕೆಂದಿರುವ ರಾಶಿಯ ಮುಂದೆ ಮಾತ್ರ ನಿಂತು ಮುಷ್ಟಿಗೆ ಅಡಿಕೆ ತೆಗೆದುಕೊಳ್ಳುವ ವ್ಯಾಪಾರಿಯ ಮನಸ್ಸನ್ನು ಪಕ್ಕದವರು ಎರಡು ವಾರದಲ್ಲಿ ತಿಳಿದುಬಿಡುತ್ತಾರೆ. ಅನುಭವಸ್ಥ ವ್ಯಾಪಾರಿ ಬೇಡದ ರಾಶಿಗೂ ಕೈಹಾಕಿ ನೋಡಿಯೇ ಮುಂದೆ ಹೋಗುತ್ತಾನೆ.

ಈಗ ನಿಮ್ಮ ರೇಸಿನ ಪಟ್ಟಿಗೆ ಇನ್ನಷ್ಟು ಎಲೆಗಳನ್ನು ಸೇರಿಸೋಣ. ಎರಡರಿಂದ ಎಕ್ಕದವರೆಗಿನ ಎಲ್ಲ ಜೋಡಿಗಳು, ಎಕ್ಕ-ರಾಜ, ಎಕ್ಕ-ರಾಣಿ, ಇವುಗಳ ಜೊತೆಗೆ ಒಂದೇ ಜಾತಿಯ ಎಕ್ಕ-ಗುಲಾಮ, ಎಕ್ಕ-ಹತ್ತು, ರಾಜ-ರಾಣಿ, ರಾಣಿ-ಗುಲಾಮ, ಗುಲಾಮ-ಹತ್ತು, ಹತ್ತು-ಒಂಬತ್ತು, ಒಂಬತ್ತು-ಎಂಟು, ಎಂಟು-ಏಳು. ಎಣಿಸಿದರೆ 142 ಬಗೆಗಳಾಗುತ್ತವೆ. ನೂರು ಕೈಗಳಲ್ಲಿ ಸುಮಾರು ಹನ್ನೊಂದು. ನೀವು ರೇಸ್ ಎಂದಾಗ ಆ ನಾಲ್ಕು ದೊಡ್ಡ ಎಲೆಗಳಲ್ಲೊಂದು ನಿಮ್ಮ ಬಳಿ ಇರುವ ಸಂಭವ ಈಗ ನಾಲ್ಕರಲ್ಲಿ ಒಂದಕ್ಕಿಂತ ತುಸು ಕಡಿಮೆ. ಎದುರಿನವನು ಒಂಬತ್ತರ ಜೋಡಿಯನ್ನು ಬಿಡಲು ಹಿಂಜರಿಯುತ್ತಾನೆ, ಎಕ್ಕ-ರಾಣಿಯನ್ನು ಹಿಡಿದು ಕೂರುತ್ತಾನೆ, ನಿಮ್ಮ ಜೋಡಿ ಎಕ್ಕಕ್ಕೆ ಗಿರಾಕಿ ಸಿಗುತ್ತಾನೆ. ಎಂಟು-ಏಳು ಹಿಡಿದು ರೇಸ್ ಮಾಡಿ ಸಿಕ್ಕಿಬಿದ್ದು ಎಲೆ ತೋರಿಸಬೇಕಾಗಿ ಬಂದರೆ ಮುಜುಗರಪಡಬೇಡಿ. ಮುಂದಿನ ಎಷ್ಟೋ ಭಾನುವಾರಗಳಿಗೆ ಅದು ಜಾಹೀರಾತು. ಆದರೆ ಈ ಪಟ್ಟಿಯನ್ನು ಮೇಜಿನ ಎಲ್ಲ ಸ್ಥಾನಗಳಿಂದಲೂ ಆಡಬೇಡಿ. ಮೊದಲಿಗೆ ಮಾತಾಡಬೇಕಾದ ಜಾಗದಲ್ಲಿ ಸಣ್ಣ ಎಲೆಗಳನ್ನು ಕಡಿಮೆ ಮಾಡಿ, ಹಂಚುವವನ ಜಾಗ ಹತ್ತಿರವಾದಂತೆ ಹೆಚ್ಚಿಸಿಕೊಳ್ಳಿ.

ಇನ್ನು ಹದಿನೈದು ಬಿಲ್ಲೆಯ ದುಃಖ. ಎದುರಾಳಿಗಳ ಕೈಯಲ್ಲಿ ಯಾವ ಎಲೆಯಾದರೂ ಇರಬಹುದು ಎಂದು ಭಾವಿಸಿದರೆ ಜೋಡಿ ಎಕ್ಕ ಒಬ್ಬನ ಎದುರು ನೂರಕ್ಕೆ 85 ಸಲ ಗೆಲ್ಲುತ್ತದೆ, ಇಬ್ಬರೆದುರು ಸುಮಾರು 73, ಮೂವರೆದುರು 64, ನಾಲ್ವರೆದುರು 56, ಐವರೆದುರು ಅರ್ಧಕ್ಕೂ ತುಸು ಕಡಿಮೆ. ನೀವು ಕಾಲ್ ಮಾತ್ರ ಮಾಡಿ ನಾಲ್ವರು ಜೊತೆಗೆ ಬಂದರೆ ನಡುವೆ 50 ಬಿಲ್ಲೆ ಸೇರುತ್ತದೆ. ಅದರಲ್ಲಿ ನೂರಕ್ಕೆ 56 ನಿಮ್ಮದೆಂದರೆ 28. ನೀವು ಹಾಕಿದ 10 ಕಳೆದರೆ ಲಾಭ 18. ಎಲ್ಲರೂ ಎಲೆ ಬಿಟ್ಟಾಗ ಸಿಕ್ಕಿದ್ದು 15. ಮೂರು ಬಿಲ್ಲೆಯ ವ್ಯತ್ಯಾಸಕ್ಕಾಗಿ ನಾಲ್ವರನ್ನು ಒಳಗೆ ಕರೆದು, ಮುಂದಿನ ಮೂರು ಸುತ್ತುಗಳಲ್ಲಿ ಯಾರ ಕೈಯಲ್ಲಿ ಏನಿದೆಯೋ ತಿಳಿಯದೆ ಒದ್ದಾಡುವ ವ್ಯವಹಾರ ಅದು. ಅದೇ 40ಕ್ಕೆ ರೇಸ್ ಮಾಡಿ, ಬ್ಲೈಂಡಿನವರು ಬಿಟ್ಟು, ಒಬ್ಬ ಮಾತ್ರ ಬಂದರೆ ನಡುವೆ 95 ಸೇರುತ್ತದೆ; ಅದರ ನೂರಕ್ಕೆ 85 ನಿಮ್ಮದು, ಲಾಭ ಸುಮಾರು 40. ಇಬ್ಬರು ಬಂದರೆ 135 ಸೇರಿ ಲಾಭ 58ರ ಹತ್ತಿರ ಹೋಗುತ್ತದೆ. ಕಾಲ್ ಮಾಡಿ ಬರುವವರು ಯಾವುದೋ ಎಲೆ ಹಿಡಿದು ಬರುವುದಿಲ್ಲವಾದ್ದರಿಂದ ಈ ಅಂಕಿಗಳು ನಿಜದಲ್ಲಿ ಸ್ವಲ್ಪ ಇಳಿಯುತ್ತವೆ, ಆದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದರಲ್ಲಿ ಬದಲಾವಣೆಯಿಲ್ಲ.

ದೊಡ್ಡ ಎಲೆಯಿಂದ ದೊಡ್ಡ ರಾಶಿ ಗೆಲ್ಲಬೇಕಾದರೆ ರಾಶಿಯನ್ನು ಮೊದಲಿನಿಂದಲೇ ಬೆಳೆಸಬೇಕು ಎಂಬುದೂ ಬರಿಯ ಲೆಕ್ಕದ ಮಾತು. ನಡುವೆ 95 ಇದ್ದು ಪ್ರತಿ ಸುತ್ತಿನಲ್ಲೂ ರಾಶಿಯಷ್ಟೇ ಬೆಟ್ ಹಾಕುತ್ತ ಹೋದರೆ ಅವು 95, 285, 855 ಆಗುತ್ತವೆ. ರಿವರ್ ಬರುವಷ್ಟರಲ್ಲಿ ನಿಮ್ಮ ಬಳಿ ಉಳಿದ 960 ಬಿಲ್ಲೆಗಳೂ ಸಹಜವಾಗಿ ಒಳಗೆ ಹೋಗುತ್ತವೆ. ನೀವು ಕಾಲ್ ಮಾತ್ರ ಮಾಡಿ ದೊಡ್ಡ ಬ್ಲೈಂಡಿನವನೊಬ್ಬ ಉಳಿದರೆ ನಡುವೆ ಇರುವುದು 25. ಅದೇ ರೀತಿ ಆಡಿದರೆ 25, 75, 225. ಒಟ್ಟು 325 ಬಿಲ್ಲೆ. ಎದುರಾಳಿ ಎಷ್ಟೇ ಧಾರಾಳಿಯಾದರೂ ಉಳಿದ 665 ಬಿಲ್ಲೆ ಅವನ ಮುಂದೆಯೇ ಉಳಿಯುತ್ತದೆ.

2019ರಲ್ಲಿ ಪ್ಲುರಿಬಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಆರು ಜನರ ಪೋಕರಿನಲ್ಲಿ ವೃತ್ತಿಪರ ಆಟಗಾರರನ್ನು ಸೋಲಿಸಿತು. ಯಾರೂ ಕಲಿಸದೆ, ತನ್ನೊಂದಿಗೆ ತಾನೇ ಆಡಿ ಕಲಿತ ಆ ಯಂತ್ರವೂ ಸಣ್ಣ ಬ್ಲೈಂಡಿನ ಜಾಗವೊಂದನ್ನು ಬಿಟ್ಟು ಬೇರೆಲ್ಲಿಂದಲೂ ಬರಿಯ ಕಾಲ್ ಮಾಡಿ ಆಟಕ್ಕೆ ಇಳಿಯುವುದು ಲಾಭವಲ್ಲ ಎಂಬ ತೀರ್ಮಾನಕ್ಕೇ ಬಂತು. ನಿಮ್ಮ ಮೇಜಿನಲ್ಲಿ ಅದಕ್ಕೊಂದು ವಿನಾಯಿತಿ ಕೊಡಬಹುದು. ನಿಮ್ಮ ನಂತರ ಮಾತಾಡುವ ಜಾಗದಲ್ಲಿ, ಯಾರಾದರೂ ಕಾಲ್ ಮಾಡಿದ್ದು ಕಂಡರೆ ತಡೆಯಲಾರದೆ ರೇಸ್ ಮಾಡುವ ಒಬ್ಬ ಉತ್ಸಾಹಿ ಇದ್ದರೆ, ಅಪರೂಪಕ್ಕೊಮ್ಮೆ ಕಾಲ್ ಮಾಡಿ ಅವನು ರೇಸ್ ಮಾಡುವುದನ್ನು ಕಾದು, ಆಮೇಲೆ ಮತ್ತೆ ರೇಸ್ ಮಾಡಬಹುದು. ಇದನ್ನು ಒಂದು ಋತುವಿನಲ್ಲಿ ಒಂದೆರಡು ಸಲಕ್ಕಿಂತ ಹೆಚ್ಚು ಮಾಡಿದರೆ ಅದೂ ಒಂದು ಅಭ್ಯಾಸವಾಗಿ ಎಲ್ಲರ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ, ಕುಮಟಾದಿಂದ: ಜೋಡಿ ಎಕ್ಕ ಬಂದಿತ್ತು. ಗುಟ್ಟು ಬಿಡಬಾರದೆಂದು ಕಾಲ್ ಮಾಡಿದೆ. ಐದು ಜನ ಉಳಿದೆವು. ಫ್ಲಾಪಿನಲ್ಲಿ ಆಟೀನು ಗುಲಾಮ, ಕ್ಲಾವರ್ ಎಂಟು, ಆಟೀನು ನಾಲ್ಕು ಬಿದ್ದವು. ನಾನು 30 ಹಾಕಿದೆ. ದೊಡ್ಡ ಬ್ಲೈಂಡಿನವನು 120ಕ್ಕೆ ಏರಿಸಿದ. ನಾನು ಇದ್ದ 990ನ್ನೂ ಒಳಗೆ ತಳ್ಳಿದೆ. ಅವನು ತೋರಿಸಿದ್ದು ಎಂಟು ಮತ್ತು ನಾಲ್ಕು. ಇಂಥ ಎಲೆ ಹಿಡಿದು ಯಾರಾದರೂ ಆಡುತ್ತಾರೆಯೇ?

ಉತ್ತರ: ಅವನು ಆಡಲಿಲ್ಲ, ನೀವು ಪುಕ್ಕಟೆಯಾಗಿ ಆಡಿಸಿದಿರಿ. ದೊಡ್ಡ ಬ್ಲೈಂಡಿನ 10 ಬಿಲ್ಲೆ ಅವನು ಎಲೆ ನೋಡುವ ಮೊದಲೇ ಹಾಕಿಯಾಗಿತ್ತು. ಯಾರೂ ಏರಿಸದ ಕಾರಣ ಒಂದು ಬಿಲ್ಲೆಯನ್ನೂ ಕೂಡಿಸದೆ ಫ್ಲಾಪ್ ನೋಡಿದ. ನೀವು 40ಕ್ಕೆ ಏರಿಸಿದ್ದರೆ ಎಂಟು-ನಾಲ್ಕು ಆಗಲೇ ಬಿಸಾಡಿದ ಎಲೆಗಳ ರಾಶಿಗೆ ಸೇರಿರುತ್ತಿತ್ತು. ಜೋಡಿಯಲ್ಲದ ಎರಡೆಲೆಗಳು ಫ್ಲಾಪಿನಲ್ಲಿ ಹೀಗೆ ಎರಡು ಜೋಡಿಯಾಗುವುದು ನೂರಕ್ಕೆ ಎರಡು ಸಲ ಮಾತ್ರ ಎಂಬುದು ನಿಜ. ಆದರೆ ನಾಲ್ವರು ಎದುರಾಳಿಗಳಿದ್ದಾಗ ಎರಡು ಜೋಡಿ, ಮೂರು ಒಂದೇ ಎಲೆ, ಮುಂದೆ ಕೂಡಿಬರಬಹುದಾದ ಆಟೀನು ಫ್ಲಷ್ (ಐದೂ ಆಟೀನು ಎಲೆ) ಇವೆಲ್ಲವನ್ನೂ ಒಟ್ಟು ಹಿಡಿದೇ ಯೋಚಿಸಬೇಕಾಗುತ್ತದೆ.

ನಮ್ಮ ಕಡೆಯ ಹಲವರಿಗೆ ಈ ತಪ್ಪು ಮೂರೆಲೆ ಆಟದಿಂದ ಬರುತ್ತದೆ ಎಂಬುದು ನಮ್ಮ ಅನುಮಾನ. ತೀನ್ ಪತ್ತಿಯಲ್ಲಿ ಕೈಗೆ ಬಂದ ಮೂರು ಎಲೆಗಳೇ ಕೊನೆಯವರೆಗೂ ಇರುತ್ತವೆ. ಮೂರು ಎಕ್ಕ ಹಿಡಿದವನು ಎಷ್ಟು ಹೊತ್ತು ಎಲೆ ನೋಡದೆ ಬ್ಲೈಂಡ್ ಆಡುವವನಂತೆ ನಟಿಸಿದರೂ ಅವನ ಎಲೆ ಸಣ್ಣದಾಗುವುದಿಲ್ಲ, ಎದುರಿನವನದು ದೊಡ್ಡದಾಗುವುದಿಲ್ಲ. ಅಡಗಿಕೊಂಡಿದ್ದಕ್ಕೆ ಅಲ್ಲಿ ಬೆಲೆ ತೆರಬೇಕಿಲ್ಲ. ಹೋಲ್ಡೆಮ್‌ನಲ್ಲಿ ಜೋಡಿ ಎಕ್ಕ ಎಷ್ಟೇ ಸುಂದರವಾಗಿ ಕಂಡರೂ ಅದು ಒಂದು ಜೋಡಿ ಅಷ್ಟೇ, ಇನ್ನೂ ಐದು ಎಲೆ ಬೀಳಬೇಕಿದೆ, ಆ ಐದೂ ಎಲ್ಲರವು.

ಆದರೆ ನಿಮ್ಮ ದೊಡ್ಡ ನಷ್ಟಕ್ಕೆ ಕಾರಣ ಆ ಮೊದಲ ಕಾಲ್ ಅಲ್ಲ, 990 ತಳ್ಳಿದ ಗಳಿಗೆ. ನಡುವೆ 50 ಇದ್ದ ಆಟ ಅದು. ಎಲ್ಲರೂ ಅಗ್ಗದಲ್ಲಿ ನೋಡಿದ ಫ್ಲಾಪಿನಲ್ಲಿ, ಹಿಂದೆ ಇನ್ನೂ ಮೂವರ ಕಣ್ಣಿರುವಾಗ, ದೊಡ್ಡ ಬ್ಲೈಂಡಿನವನು ನಾಲ್ಕು ಪಟ್ಟು ಏರಿಸಿದ ಎಂದರೆ ಅವನ ಬಳಿ ಯಾವ ಎರಡೆಲೆಯಾದರೂ ಇರಬಹುದು ಎಂಬುದನ್ನು ಆಗಲೇ ನೆನಪಿಸಿಕೊಳ್ಳಬೇಕಿತ್ತು. ನೀವು ಆಲ್-ಇನ್ ಎಂದಾಗ ಗುಲಾಮದ ಜೋಡಿಯವನು ಎಲೆ ಬಿಡುತ್ತಾನೆ, ನಿಮ್ಮನ್ನು ಸೋಲಿಸುವವನು ಮಾತ್ರ ಉಳಿಯುತ್ತಾನೆ. ಎಂಟು-ನಾಲ್ಕರ ಎದುರು ಆ ಫ್ಲಾಪಿನಲ್ಲಿ ನಿಮಗಿದ್ದ ಗೆಲುವಿನ ಪಾಲು ಸುಮಾರು ಕಾಲು ಭಾಗ. 120ಕ್ಕೆ ಕಾಲ್ ಮಾಡಿ ಟರ್ನ್ ನೋಡಿ, ಅವನು ಮತ್ತೆ ದೊಡ್ಡದಾಗಿ ಹಾಕಿದರೆ ಎಲೆ ಬಿಟ್ಟಿದ್ದರೆ ಹೋಗುತ್ತಿದ್ದದ್ದು 130 ಬಿಲ್ಲೆ. ಗುಟ್ಟಾಗಿ ಒಳಗೆ ಬಂದವನು ಸಣ್ಣ ರಾಶಿಗೆ ತೃಪ್ತನಾಗಿ ಹೊರಗೆ ಹೋಗಲೂ ಸಿದ್ಧನಿರಬೇಕು; ಅದಕ್ಕೆ ಮನಸ್ಸಿಲ್ಲದವರು ದಯವಿಟ್ಟು ಮೊದಲೇ ರೇಸ್ ಮಾಡಿ.

ಪ್ರಶ್ನೆ, ಕಾರವಾರದಿಂದ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಬೈತಖೋಲ್ ಬಂದರಿನಲ್ಲಿ ದೋಣಿ ಕಟ್ಟಿ ನಾವು ಕೆಲವರು ಮಧ್ಯಾಹ್ನ ಇಸ್ಪೀಟು ಹಿಡಿಯುತ್ತೇವೆ. ಒಬ್ಬನಿದ್ದಾನೆ, ಎರಡು ಕೈಗೊಮ್ಮೆ ರೇಸ್ ಮಾಡುತ್ತಾನೆ, ಫ್ಲಾಪ್ ಏನೇ ಬಿದ್ದರೂ ಬೆಟ್ ಹಾಕುತ್ತಾನೆ. ಅವನು ರೇಸ್ ಮಾಡಿದ ಮೇಲೆ ನನ್ನ ಕೈಯಲ್ಲಿ ಜೋಡಿ ಎಕ್ಕ ಇದ್ದರೆ ಮತ್ತೆ ಏರಿಸಲೇ, ಕಾಲ್ ಮಾಡಿ ಕಾಯಲೇ? ಜೋಡಿ ರಾಜ, ಜೋಡಿ ರಾಣಿಗೂ ಅದೇ ಉತ್ತರವೇ?

ಉತ್ತರ: ನಿಧಾನದ ಆಟಕ್ಕೆ ನಿಜವಾಗಿಯೂ ಜಾಗವಿರುವುದು ಇಲ್ಲಿ. ರಾಶಿಯನ್ನು ಅವನೇ ಬೆಳೆಸಿದ್ದಾನೆ, ಮುಂದೆಯೂ ಅವನೇ ಬೆಳೆಸುತ್ತಾನೆ. ನೀವು ಅವನ ನಂತರ ಮಾತಾಡುವ ಜಾಗದಲ್ಲಿದ್ದು, ನಿಮ್ಮ ಹಿಂದೆ ಬ್ಲೈಂಡಿನ ಇಬ್ಬರು ಮಾತ್ರ ಉಳಿದಿದ್ದರೆ, ಜೋಡಿ ಎಕ್ಕದಿಂದ ಕಾಲ್ ಮಾಡುವುದರಲ್ಲಿ ತಪ್ಪಿಲ್ಲ. ಅವನ ಬರಿಗೈಯ ಬೆಟ್ಟುಗಳನ್ನು ಎರಡು ಸುತ್ತು ಶಾಂತವಾಗಿ ನುಂಗಿ ರಿವರಿನಲ್ಲಿ ಏರಿಸಬಹುದು. ಹಿಂದೆ ಇನ್ನೂ ನಾಲ್ಕೈದು ಜನ ಮಾತಾಡಬೇಕಿದ್ದರೆ ಮಾತ್ರ ಮತ್ತೆ ಏರಿಸಿಬಿಡಿ. ನಿಮ್ಮ ಕಾಲ್ ಕಂಡು ಎಲ್ಲರೂ ಅಗ್ಗದಲ್ಲಿ ಬರುತ್ತಾರೆ, ಕುಮಟಾದ ಓದುಗರ ಕಥೆ ಮತ್ತೆ ನಡೆಯುತ್ತದೆ.

ಜೋಡಿ ರಾಜಕ್ಕೆ ಇದೇ ಉತ್ತರ ಸಲ್ಲುವುದಿಲ್ಲ. ನಿಮ್ಮ ಬಳಿ ಜೋಡಿ ರಾಜವಿದ್ದಾಗ ಫ್ಲಾಪಿನಲ್ಲಿ ಒಂದಾದರೂ ಎಕ್ಕ ಬೀಳುವುದು ನೂರಕ್ಕೆ ಸುಮಾರು 23 ಸಲ. ಜೋಡಿ ರಾಣಿಯಿದ್ದಾಗ ಎಕ್ಕವೋ ರಾಜವೋ ಬೀಳುವುದು 41 ಸಲ. ಎಕ್ಕದ ಮೇಲೆ ಬೀಳುವ ದೊಡ್ಡ ಎಲೆಯೇ ಇಲ್ಲ. ಆದ್ದರಿಂದ ಅಡಗಿಸಿಡುವ ಸ್ವಾತಂತ್ರ್ಯ ಎಕ್ಕಕ್ಕೆ ಹೆಚ್ಚು, ರಾಜಕ್ಕೆ ಕಡಿಮೆ, ರಾಣಿಗೆ ಇನ್ನೂ ಕಡಿಮೆ. ಮೇಜಿನಲ್ಲಿ ನಾವು ಕಾಣುವುದು ಮಾತ್ರ ಇದಕ್ಕೆ ತೀರ ವಿರುದ್ಧ. ಎಕ್ಕ ಬಂದವನು ಉತ್ಸಾಹದಿಂದ ಏರಿಸುತ್ತಾನೆ, ರಾಣಿ ಬಂದವನು ಅಳುಕಿ ಕಾಲ್ ಮಾಡಿ, ಫ್ಲಾಪಿನಲ್ಲಿ ರಾಜ ಬಿದ್ದ ಕೂಡಲೇ ಬೆವರುತ್ತಾನೆ. ರಾಣಿ ಬಂದಾಗ ಅಂಥ ಆಸಾಮಿಯ ಎದುರು ಮತ್ತೆ ಏರಿಸಿ, ಅವನ ಎಕ್ಕ-ಆರು, ರಾಜ-ಒಂಬತ್ತುಗಳು ಫ್ಲಾಪಿಗೆ ಮೊದಲೇ ಬೆಲೆ ಕೊಡಲಿ ಅಥವಾ ಹೊರಗೆ ಹೋಗಲಿ.

ನಿಧಾನದ ಆಟವನ್ನು ಸಮರ್ಥಿಸುವವರು ಒಂದು ಪ್ರಸಿದ್ಧ ಕೈಯನ್ನು ಉದಾಹರಿಸುವುದುಂಟು. 1988ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಪಂದ್ಯದ ಕೊನೆಯಲ್ಲಿ ಜಾನಿ ಚಾನ್ ಬಳಿ ಗುಲಾಮ-ಒಂಬತ್ತು ಇತ್ತು. ಎರಿಕ್ ಸೈಡೆಲ್ ಬಳಿ ರಾಣಿ-ಏಳು. ರಾಣಿ, ಹತ್ತು, ಎಂಟು ಬಿದ್ದು ಚಾನ್‌ಗೆ ಫ್ಲಾಪಿನಲ್ಲೇ ಎಂಟರಿಂದ ರಾಣಿಯವರೆಗಿನ ಐದೆಲೆಯ ಸಾಲು ಕೂಡಿಬಂತು. ಅವರು ಬಲಹೀನರಂತೆ ತೋರಿಸಿಕೊಂಡರು, ಸೈಡೆಲ್ ರಿವರಿನಲ್ಲಿ ಎಲ್ಲವನ್ನೂ ಒಳಗಿಟ್ಟರು, ಪಂದ್ಯ ಮುಗಿಯಿತು. ಆದರೆ ಅಲ್ಲಿ ಉಳಿದಿದ್ದವರು ಇಬ್ಬರೇ. ಚಾನ್ ಕೈಯಲ್ಲಿದ್ದದ್ದು ಆ ಹೊತ್ತಿನ ಅತ್ಯುತ್ತಮ ಕೈ, ಒಂದು ಜೋಡಿಯಲ್ಲ. ಸೈಡೆಲ್‌ಗೂ ಬೆಟ್ ಹಾಕುವಷ್ಟು ಎಲೆ ಸಿಕ್ಕಿತ್ತು. ಇವು ಒಟ್ಟಿಗೆ ಕೂಡಿದಾಗ ಕಾಯುವುದು ಸರಿ. ಐದು ಜನರ ನಡುವೆ ಜೋಡಿ ಎಕ್ಕ ಹಿಡಿದವನಿಗೆ ಆ ಉದಾಹರಣೆ ಒಪ್ಪುವುದಿಲ್ಲ.

ನಿಮ್ಮ ಪತ್ರದ ಕೊನೆಯಲ್ಲಿ ಜೋಡಿ ರಾಜ ಬಂದಾಗಲೆಲ್ಲ ಯಾರೋ ಎಕ್ಕ ಹಿಡಿದಿರಬಹುದೆಂಬ ಭಯವನ್ನೂ ತೋಡಿಕೊಂಡಿದ್ದೀರಿ. ಏಳು ಜನರ ಮೇಜಿನಲ್ಲಿ ಉಳಿದ ಆರು ಜನರಲ್ಲಿ ಯಾರಿಗಾದರೂ ಜೋಡಿ ಎಕ್ಕ ಬಂದಿರುವ ಸಂಭವ ನೂರಕ್ಕೆ ಮೂರರಷ್ಟೂ ಇಲ್ಲ. ಜೋಡಿ ಎಕ್ಕ, ಜೋಡಿ ರಾಜ, ಜೋಡಿ ರಾಣಿ, ಎಕ್ಕ-ರಾಜ ಇಷ್ಟನ್ನು ಬಿಟ್ಟು ಬೇರೆ ಯಾವುದಕ್ಕೂ ಎಲ್ಲ ಬಿಲ್ಲೆ ಇಡದ ಮಹಾ ಎಚ್ಚರಿಕೆಯ ಮನುಷ್ಯನೇ ಎದುರಿಗಿದ್ದರೂ ನಿಮ್ಮ ರಾಜ ನೂರಕ್ಕೆ ಸುಮಾರು 57 ಸಲ ಗೆಲ್ಲುತ್ತದೆ. ಏಕೆಂದರೆ ಅವನಿಗೆ ಎಕ್ಕ ಬರುವ ಬಗೆಗಳು ಆರಾದರೆ ರಾಣಿ ಬರುವ ಬಗೆಗಳೂ ಆರು, ಎಕ್ಕ-ರಾಜ ಎಂಟು. ಎರಡು ಕೈಗೊಮ್ಮೆ ಏರಿಸುವ ನಿಮ್ಮ ಗೆಳೆಯನ ಎದುರು ಹೆದರುವ ಮಾತೇ ಇಲ್ಲ.

ಪ್ರಶ್ನೆ, ಅಂಕೋಲಾದಿಂದ: ಎಕ್ಕ-ರಾಜವನ್ನು ಜೋಡಿ ಎಕ್ಕದಷ್ಟೇ ದೊಡ್ಡದೆಂದು ಆಡಬೇಕೇ?

ಉತ್ತರ: ಇಲ್ಲ. ಅದು ಇನ್ನೂ ಏನೂ ಆಗಿರದ ಎಲೆ. ಫ್ಲಾಪಿನಲ್ಲಿ ಎಕ್ಕವೋ ರಾಜವೋ ಬೀಳುವುದು ನೂರಕ್ಕೆ 32 ಸಲ. ಅದರ ಬಲ ಇರುವುದು ಬೇರೆ ಕಡೆ. ನಿಮ್ಮ ಬಳಿ ಒಂದು ಎಕ್ಕ, ಒಂದು ರಾಜ ಇರುವುದರಿಂದ ಎದುರಿನವನಿಗೆ ಜೋಡಿ ಎಕ್ಕ ಬರುವ ಬಗೆಗಳು ಆರರಿಂದ ಮೂರಕ್ಕೆ ಇಳಿಯುತ್ತವೆ, ಜೋಡಿ ರಾಜದವೂ ಹಾಗೆಯೇ. ಆದ್ದರಿಂದ ಫ್ಲಾಪಿಗೆ ಮೊದಲು ಏರಿಸಿ ಒತ್ತಡ ಹಾಕಲು ಇದು ಒಳ್ಳೆಯದು, ನಿಧಾನಕ್ಕೆ ಕಾಯಲು ಕೆಟ್ಟದ್ದು. ಬದಲಾವಣೆ ಬೇಕೆನಿಸಿದರೆ, ಬೇರೆಯವರು ರೇಸ್ ಮಾಡಿದ ಮೇಲೆ ಒಂದೊಂದು ಸಲ ಮತ್ತೆ ಏರಿಸುವ ಬದಲು ಕಾಲ್ ಮಾಡಿ, ಅಷ್ಟೇ ಸಾಕು.

ಪ್ರಶ್ನೆ, ಯಲ್ಲಾಪುರದಿಂದ: “ಒಂದೊಂದು ಸಲ ಬದಲಿಸಿ” ಎಂದು ಎಲ್ಲರೂ ಹೇಳುತ್ತಾರೆ. ಆ ಒಂದು ಸಲ ಯಾವುದು ಎಂದು ತೀರ್ಮಾನಿಸುವುದು ಹೇಗೆ? ನಾನು ಬದಲಿಸುವುದರಲ್ಲೂ ಒಂದು ಕ್ರಮ ಇದೆ ಎಂದು ನನ್ನ ತಮ್ಮ ಕಂಡುಹಿಡಿದಿದ್ದಾನೆ.

ಉತ್ತರ: ಬಂದ ಪತ್ರಗಳಲ್ಲಿ ಇದು ಎಲ್ಲಕ್ಕಿಂತ ಜಾಣ ಪ್ರಶ್ನೆ, ನಿಮ್ಮ ತಮ್ಮನ ಕಣ್ಣೂ ಚುರುಕಾಗಿದೆ. ಮನುಷ್ಯ ತನ್ನ ಇಷ್ಟದಂತೆ ಬದಲಿಸಹೊರಟರೆ ಹಿಂದಿನ ಸಲ ಸೋತ ರೀತಿಯನ್ನು ಈ ಸಲ ಬಿಡುತ್ತಾನೆ, ಗೆದ್ದ ರೀತಿಯನ್ನು ಮತ್ತೆ ಹಿಡಿಯುತ್ತಾನೆ. ಗಮನಿಸುವವನಿಗೆ ಅದು ತೆರೆದ ಪುಸ್ತಕ. ಗಣಿತಜ್ಞ ಜಾನ್ ವಾನ್ ನ್ಯೂಮನ್ 1928ರಲ್ಲೇ ಇಂಥ ಆಟಗಳ ಗಣಿತವನ್ನು ಕಟ್ಟಿಕೊಟ್ಟರು. ಆಮೇಲೆ 1944ರಲ್ಲಿ ಆಸ್ಕರ್ ಮಾರ್ಗನ್‌ಸ್ಟರ್ನ್ ಅವರೊಡನೆ ಸೇರಿ, ಸರಳಗೊಳಿಸಿದ ಪೋಕರನ್ನು ಬಿಡಿಸಿ, ದೊಡ್ಡ ಎಲೆಯ ಬೆಟ್ಟಿಗೆ ಬೆಲೆ ಬರಬೇಕಾದರೆ ಕೆಟ್ಟ ಎಲೆಯಿಂದಲೂ ಗೊತ್ತಾದ ಪ್ರಮಾಣದಲ್ಲಿ ಬೆಟ್ ಹಾಕಲೇಬೇಕು ಎಂದು ತೋರಿಸಿದರು. ಪ್ರಮಾಣ ಮೊದಲೇ ಗೊತ್ತಿರಬೇಕು, ಯಾವ ಸಲ ಎಂಬುದನ್ನು ಮಾತ್ರ ಆಕಸ್ಮಿಕಕ್ಕೆ ಬಿಡಬೇಕು.

ಆಕಸ್ಮಿಕ ನಿಮ್ಮ ಕೈಯಲ್ಲೇ ಇದೆ. ಜೋಡಿ ಎಕ್ಕ ಬರುವ ಆರು ಬಗೆಗಳಲ್ಲಿ ಎರಡೂ ಕೆಂಪಾಗಿರುವುದು, ಎಂದರೆ ಆಟೀನು ಮತ್ತು ಡೈಮಂಡ್, ಒಂದೇ ಬಗೆ. ಎರಡೂ ಕಪ್ಪಾಗಿರುವುದು ಇನ್ನೊಂದು. ಉಳಿದ ನಾಲ್ಕರಲ್ಲಿ ಒಂದು ಕೆಂಪು, ಒಂದು ಕಪ್ಪು. ಕಾರವಾರದ ಓದುಗರ ಆ ಉತ್ಸಾಹಿ ಗೆಳೆಯನಂಥವನು ರೇಸ್ ಮಾಡಿದಾಗ ಆರರಲ್ಲಿ ಒಂದು ಸಲ ಕಾಲ್ ಮಾಡಬೇಕೆಂದಿದ್ದರೆ, ಎರಡೂ ಎಕ್ಕ ಕೆಂಪಾಗಿದ್ದಾಗ ಕಾಲ್, ಉಳಿದಂತೆ ಏರಿಸುವುದು ಎಂದು ಮನೆಯಲ್ಲೇ ನಿಶ್ಚಯಿಸಿಕೊಂಡು ಬನ್ನಿ. ಮೂರರಲ್ಲಿ ಒಂದು ಸಲ ಬೇಕೆಂದರೆ ಎರಡೂ ಒಂದೇ ಬಣ್ಣವಾಗಿದ್ದಾಗ. ಅರ್ಧದಷ್ಟು ಬೇಕೆಂದರೆ ಜೋಡಿಯಲ್ಲಿ ಇಸ್ಪೀಟು ಜಾತಿಯ ಎಕ್ಕ ಇದ್ದಾಗ. ಆರರಲ್ಲಿ ಮೂರು ಬಗೆಗಳಲ್ಲಿ ಅದು ಇರುತ್ತದೆ. ಎಕ್ಕ-ರಾಜದ ಹದಿನಾರರಲ್ಲಿ ನಾಲ್ಕು ಒಂದೇ ಜಾತಿಯವು. ಕಾಲು ಭಾಗಕ್ಕೆ ಅದು ಅನುಕೂಲ. ಎಂಟು-ಏಳರಂಥ ಸಣ್ಣ ಎಲೆಗಳನ್ನೂ ಹೀಗೆಯೇ ಜಾತಿ ನೋಡಿ ಸೇರಿಸಬಹುದು, ಬಿಡಬಹುದು. ಹಂಚುವವನ ಕೈಯೇ ನಿರ್ಧರಿಸುವುದರಿಂದ ನಿಮ್ಮ ತಮ್ಮನಿಗೆ ಓದಲು ಏನೂ ಸಿಗುವುದಿಲ್ಲ.

ಕೆಲವರು ಗಡಿಯಾರದ ಸೆಕೆಂಡ್ ಮುಳ್ಳನ್ನು ನೋಡಿ ನಿರ್ಧರಿಸುತ್ತಾರೆ. ಮುಳ್ಳು ಮೊದಲ ಹದಿನೈದು ಸೆಕೆಂಡಿನೊಳಗಿದ್ದರೆ ಒಂದು ರೀತಿ, ಇಲ್ಲವಾದರೆ ಇನ್ನೊಂದು ರೀತಿ. ಅದೂ ಸರಿಯೇ, ಆದರೆ ದೊಡ್ಡ ಎಲೆ ಬಂದಾಗ ಮಾತ್ರ ಗಡಿಯಾರ ನೋಡುವವನ ಮೇಜಿನಲ್ಲಿ ಎಲ್ಲರೂ ಅವನ ಮಣಿಕಟ್ಟನ್ನೇ ನೋಡತೊಡಗುತ್ತಾರೆ.

ಪ್ರಶ್ನೆ, ಹೊನ್ನಾವರದಿಂದ: ನಾನು ರೇಸ್, ಕಾಲ್ ಎರಡನ್ನೂ ಬದಲಿಸುತ್ತಲೇ ಇರುತ್ತೇನೆ. ಆದರೂ ನನ್ನ ಎಲೆ ಎಲ್ಲರಿಗೂ ಗೊತ್ತಾಗುತ್ತದೆ. ಕಾರಣವೇನು?

ಉತ್ತರ: ನೀವು ಎಷ್ಟಕ್ಕೆ ಏರಿಸುತ್ತೀರಿ ಎಂದು ಬರೆದಿಲ್ಲ, ಕಾರಣ ಅಲ್ಲೇ ಇರಬಹುದು. ಮನೆಯ ಆಟಗಳಲ್ಲಿ ಜೋಡಿ ಎಕ್ಕ ಬಂದವನು ಯಾರೂ ಓಡಿಹೋಗದಿರಲೆಂದು 25ಕ್ಕೆ ಏರಿಸುತ್ತಾನೆ, ಜೋಡಿ ಗುಲಾಮ ಬಂದವನು ಎಲ್ಲರೂ ಓಡಿಹೋಗಲೆಂದು 100ಕ್ಕೆ ಏರಿಸುತ್ತಾನೆ. ಹೀಗೆ ಆಡುವವರ ನಡುವೆ ಒಂದು ತಿಂಗಳು ಕೂತರೆ ಎಲೆ ತಿರುಗಿಸಿ ನೋಡುವ ಅಗತ್ಯವೇ ಇಲ್ಲ. ಎಲ್ಲ ಎಲೆಗೂ ಒಂದೇ ಅಳತೆಯಿರಲಿ. 30 ಎಂದರೆ 30, ಮೊದಲೇ ಕಾಲ್ ಮಾಡಿದವರಿದ್ದರೆ ತಲೆಗೆ ಹತ್ತರಂತೆ ಕೂಡಿಸಿ. ಯಾರು ಎಲ್ಲಿ ಕೂತಿದ್ದಾರೆ ಎಂಬುದನ್ನು ನೋಡಿ ಅಳತೆ ಬದಲಾಗಬಹುದು, ಕೈಯಲ್ಲಿರುವ ಎಲೆಯನ್ನು ನೋಡಿ ಬದಲಾಗಬಾರದು.

ಮೈಯ ಸೂಚನೆಗಳೂ ಇವೆ. ನಮ್ಮ ಪರಿಚಯದ ಒಬ್ಬರು ಆಡುವಷ್ಟು ಹೊತ್ತೂ ಕವಳ ಮೆಲ್ಲುತ್ತಿರುತ್ತಾರೆ. ಜೋಡಿ ರಾಜವೋ ಎಕ್ಕವೋ ಬಂದ ಕೂಡಲೇ ಎದ್ದುಹೋಗಿ ಜಗಲಿಯಾಚೆ ಉಗುಳಿ, ಬಾಯಿ ತೊಳೆದು, ಪಂಚೆ ಸರಿಮಾಡಿಕೊಂಡು ಬಂದು ಕೂರುತ್ತಾರೆ. ಅವರು ತಿರುಗಿ ಬರುವಷ್ಟರಲ್ಲಿ ಮೇಜು ಖಾಲಿ. ನಿಮಗೂ ಅಂಥದ್ದೇನಾದರೂ ಇದೆಯೇ ಎಂದು ಜೊತೆಯಲ್ಲಿ ಆಡದ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿ ಕೇಳಿ. ಜೊತೆಯಲ್ಲಿ ಆಡುವವರು ಹೇಳುವುದಿಲ್ಲ.

ಪ್ರಶ್ನೆ, ಕಾರವಾರದ ಇನ್ನೊಬ್ಬ ಓದುಗರಿಂದ: ಗಡಿ ದಾಟಿದರೆ ಗೋವಾ. ಪಣಜಿಯ ಕ್ಯಾಸಿನೊ ಒಂದರಲ್ಲಿ ಪೋಕರ್ ಆಡುವುದನ್ನು ನೋಡಿದೆ. ಅಲ್ಲಿ ಯಾರೂ ಹೆಚ್ಚು ಬದಲಿಸಿ ಆಡಿದಂತೆ ಕಾಣಲಿಲ್ಲ, ದೊಡ್ಡ ಎಲೆ ಬಂದರೆ ನೇರವಾಗಿ ಏರಿಸುತ್ತಿದ್ದರು. ಹಾಗಾದರೆ ಬದಲಾವಣೆಯ ಮಾತೆಲ್ಲ ಸುಳ್ಳೇ? ಮೊಬೈಲಿನಲ್ಲಿ ಹಣವಿಟ್ಟು ಆಡಿ ಅಭ್ಯಾಸ ಮಾಡಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ: ಬೇಡ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ಅಭ್ಯಾಸಕ್ಕೆ ಒಂದು ಕಟ್ಟು ಎಲೆ, ನಾಲ್ಕು ಜನ ಸಾಕು.

ಮೊದಲನೆಯದು: ನೀವು ನೋಡಿದ್ದು ನಿಜ, ಅದಕ್ಕೆ ಕಾರಣವೂ ಇದೆ. ಬದಲಾವಣೆಗೆ ಬೆಲೆ ಬರುವುದು ನೆನಪಿಟ್ಟುಕೊಳ್ಳುವವರ ಎದುರು. ಅಲ್ಲಿ ಸಂಜೆ ಬಂದು ರಾತ್ರಿ ಎದ್ದುಹೋಗುವ ಪ್ರವಾಸಿಗರು ಪರಸ್ಪರ ಅಪರಿಚಿತರು. ನೀವು ಹಿಂದಿನ ಸಲ ಎಕ್ಕವನ್ನು ಹೇಗೆ ಆಡಿದಿರಿ ಎಂಬುದು ಅವರಿಗೆ ಗೊತ್ತಿಲ್ಲ, ತಿಳಿದುಕೊಳ್ಳುವ ಆಸಕ್ತಿಯೂ ಇಲ್ಲ. ಕುತೂಹಲಕ್ಕೇ ಕಾಲ್ ಮಾಡುವ ಅಂಥವರ ಎದುರು ನೇರವಾಗಿ ಏರಿಸುವುದೇ ಲಾಭ, ಅವರಿಂದ ಅಡಗಿಸಿಡುವುದು ಏನೂ ಇರುವುದಿಲ್ಲ. ಜೊತೆಗೆ ಕ್ಯಾಸಿನೊ ಪ್ರತಿ ರಾಶಿಯಿಂದಲೂ ತನ್ನ ಪಾಲನ್ನು ಕತ್ತರಿಸಿಕೊಳ್ಳುತ್ತದೆ, ಆದ್ದರಿಂದ ಸಣ್ಣ ರಾಶಿಗಳನ್ನು ಜಾಣತನದಿಂದ ಗೆದ್ದರೂ ಕೈಯಲ್ಲಿ ಉಳಿಯುವುದು ಸ್ವಲ್ಪ. ಶಿರಸಿಯ ಓದುಗರ ಏಳು ಜನರ ಮೇಜು ಇದಕ್ಕೆ ಪೂರ್ತಿ ಬೇರೆ. ಅಲ್ಲಿ ಅದೇ ಮುಖಗಳು ವಾರವಾರವೂ ಎದುರಿಗೆ ಕೂರುತ್ತವೆ, ಎರಡು ವರ್ಷದ ಹಿಂದಿನ ಬ್ಲಫ್ ಕೂಡ ಊಟದ ಹೊತ್ತಿಗೆ ಮಾತಿಗೆ ಬರುತ್ತದೆ. ಅಂಥ ಮೇಜಿಗೆ ಹೊಸದಾಗಿ ಸೇರಿದವರು ಮೊದಲ ಎರಡು ಮೂರು ವಾರ ಏನನ್ನೂ ಬದಲಿಸದೆ ನೇರವಾಗಿಯೇ ಆಡಿ, ಯಾರು ಯಾವ ಎಲೆಗೆ ಎಷ್ಟು ಏರಿಸುತ್ತಾರೆ ಎಂದು ಮನೆಗೆ ಹೋದ ಮೇಲೆ ಬರೆದಿಟ್ಟುಕೊಳ್ಳಲಿ. ಬಣ್ಣ ನೋಡಿ ಬದಲಿಸುವ ಉಪಾಯವನ್ನು ಅವರು, ತಮ್ಮ ರೇಸಿಗೆ ಉಳಿದವರು ಎಲೆ ಬಿಡತೊಡಗಿದ ದಿನ, ಶುರುಮಾಡಿದರೆ ಸಾಕು.